ಹಂಗಾಮಿ ಕುರ್ಚಿ: ವಾಷಿಂಗ್ಟನ್ನಿಂದ ಸಾವಳಗಿಯವರೆಗೆ

ಅಮೆರಿಕದ ರಾಜಕಾರಣದ ಬಗ್ಗೆ ಕನ್ನಡದಲ್ಲಿ ಬಂದ ಬರಹಗಳಲ್ಲಿ ಮೊದಲ ಸಾಲಿನವರ ಹೆಸರು ಢಾಳಾಗಿ ಕಾಣುತ್ತದೆ. ರೂಸ್‌ವೆಲ್ಟ್, ಐಸೆನ್‌ಹೋವರ್, ಕೆನೆಡಿ ನಮಗೆ ಪರಿಚಿತರು. ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರ ಕಡೆಗೆ ನಮ್ಮ ಕಣ್ಣು ಹೋಗುವುದು ಕಡಿಮೆ. ಆದರೆ 1945ರಿಂದ 1977ರ ಆರಂಭದವರೆಗೆ ಅಧಿಕಾರಕ್ಕೆ ಬಂದ ಆರು ಅಧ್ಯಕ್ಷರಲ್ಲಿ ನಾಲ್ವರು ಮೊದಲು ಉಪಾಧ್ಯಕ್ಷರಾಗಿದ್ದವರು: ಟ್ರೂಮನ್, ಜಾನ್ಸನ್, ನಿಕ್ಸನ್, ಫೋರ್ಡ್. ಇವರಲ್ಲಿ ನಿಕ್ಸನ್ ಒಬ್ಬರನ್ನು ಬಿಟ್ಟರೆ ಉಳಿದ ಮೂವರೂ ಶ್ವೇತಭವನವನ್ನು ಹೊಕ್ಕದ್ದು ಚುನಾವಣೆ ಗೆದ್ದು ಅಲ್ಲ, ಮೇಲಿನವರ ಜಾಗ ತೆರವಾಗಿದ್ದರಿಂದ. ಹಾಗಾಗಿ ಆ ಕಾಲದ ಅಮೆರಿಕವನ್ನು ಅರಿಯಬೇಕಾದರೆ ಎರಡನೆಯ ಕುರ್ಚಿಯನ್ನೂ ನೋಡಬೇಕು.

ಚಿಮ್ಮಡ, ಬನಹಟ್ಟಿ, ಜಮಖಂಡಿಯ ಕಡೆಯವರಿಗೆ ಈ ಪ್ರಶ್ನೆಯಲ್ಲಿ ಬೇರೊಂದು ಕಾರಣಕ್ಕೂ ಆಸಕ್ತಿ ಇರಬೇಕು. ದೇಶದ ಅತ್ಯುನ್ನತ ಕುರ್ಚಿ ಖಾಲಿಯಾದಾಗ ಅದನ್ನು ಕಾಯಲು ಹೋದವರೊಬ್ಬರು ಇದೇ ಸೀಮೆಯವರು. ಕೃಷ್ಣೆಯ ಆಚೆ ದಂಡೆಯ ಸಾವಳಗಿಯಲ್ಲಿ 1912ರ ಸೆಪ್ಟೆಂಬರ್ 10ರಂದು ಹುಟ್ಟಿದ ಬಸಪ್ಪ ದಾನಪ್ಪ ಜತ್ತಿ 1977ರ ಫೆಬ್ರುವರಿ 11ರಿಂದ ಜುಲೈ 25ರವರೆಗೆ ಭಾರತದ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ನಮ್ಮ ಭಾಗದಲ್ಲಿ ಅವರನ್ನು ನೆನೆಯುವುದು ಅಭಿಮಾನದಿಂದ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಐದೂವರೆ ತಿಂಗಳಲ್ಲಿ ನಡೆದದ್ದನ್ನು ಟ್ರೂಮನ್, ಜಾನ್ಸನ್‌ರಿಗೆ ಆದದ್ದರ ಪಕ್ಕದಲ್ಲಿಟ್ಟು ನೋಡಿದವರು ಕಡಿಮೆ. ಇಟ್ಟು ನೋಡಿದರೆ, ಮೇಲಿನವರು ತೀರಿಕೊಂಡಾಗ ಕೆಳಗಿನವರಿಗೆ ಏನು ಸಿಗುತ್ತದೆ ಎಂಬ ಒಂದೇ ಪ್ರಶ್ನೆಗೆ ಎರಡು ದೇಶಗಳು ಕೊಟ್ಟ ಬೇರೆ ಬೇರೆ ಉತ್ತರಗಳು ಕಾಣುತ್ತವೆ.

ಅಮೆರಿಕದ ಉತ್ತರ ಸಂವಿಧಾನದ ಬರಹದಿಂದ ಬಂದದ್ದಲ್ಲ, ಒಬ್ಬ ಮನುಷ್ಯನ ಹಟದಿಂದ ಬಂದದ್ದು. 1841ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಅಧ್ಯಕ್ಷರಾದ ಒಂದೇ ತಿಂಗಳಿಗೆ ತೀರಿಕೊಂಡರು. ಉಪಾಧ್ಯಕ್ಷ ಜಾನ್ ಟೈಲರ್ ಅಧ್ಯಕ್ಷರ ಕೆಲಸವನ್ನಷ್ಟೇ ನೋಡಿಕೊಳ್ಳಬೇಕೋ ಅಧ್ಯಕ್ಷರೇ ಆಗಿಬಿಡಬೇಕೋ ಎಂಬುದನ್ನು ಅಲ್ಲಿನ ಸಂವಿಧಾನ ಸ್ಪಷ್ಟವಾಗಿ ಹೇಳಿರಲಿಲ್ಲ. ಟೈಲರ್ ತಾನೇ ಅಧ್ಯಕ್ಷ ಎಂದು ಪ್ರಮಾಣ ಸ್ವೀಕರಿಸಿದರು. ‘ಹಂಗಾಮಿ ಅಧ್ಯಕ್ಷರಿಗೆ’ ಎಂದು ಬರೆದು ಬಂದ ಪತ್ರಗಳನ್ನು ಒಡೆಯದೆಯೇ ವಾಪಸು ಕಳಿಸಿದರು ಎನ್ನುತ್ತಾರೆ. ವಿರೋಧಿಗಳು ಗೇಲಿ ಮಾಡಿದರೂ ಪದ್ಧತಿ ಮಾತ್ರ ಗಟ್ಟಿಯಾಯಿತು. ಮುಂದೆ ಅಲ್ಲಿ ಅಧ್ಯಕ್ಷರು ಸತ್ತಾಗಲೆಲ್ಲ ಉಪಾಧ್ಯಕ್ಷರು ಪೂರ್ತಿ ಅಧ್ಯಕ್ಷರೇ ಆದರು, ಅದೂ ಉಳಿದ ಇಡೀ ಅವಧಿಗೆ.

ಭಾರತದ ಸಂವಿಧಾನ ಬರೆದವರು ಇದಕ್ಕೆ ಅವಕಾಶ ಬಿಡಲಿಲ್ಲ. 65ನೇ ವಿಧಿಯ ಪ್ರಕಾರ ರಾಷ್ಟ್ರಪತಿಯ ಜಾಗ ತೆರವಾದರೆ ಉಪರಾಷ್ಟ್ರಪತಿ ‘ರಾಷ್ಟ್ರಪತಿಯಾಗಿ ಕಾರ್ಯ ನಿರ್ವಹಿಸುತ್ತಾರೆ’. ಹೊಸ ರಾಷ್ಟ್ರಪತಿಯ ಚುನಾವಣೆ ಆರು ತಿಂಗಳೊಳಗೆ ನಡೆಯಲೇಬೇಕೆಂದು 62ನೇ ವಿಧಿ ಗಡುವು ಹಾಕಿದೆ. ಮಠಗಳ ವ್ಯವಹಾರ ಬಲ್ಲ ನಮ್ಮ ಭಾಗದವರಿಗೆ ಇದು ಸುಲಭವಾಗಿ ತಿಳಿದೀತು. ಅಮೆರಿಕದ ಉಪಾಧ್ಯಕ್ಷ ಹಿರಿಯ ಸ್ವಾಮಿಗಳು ಲಿಂಗೈಕ್ಯರಾದ ದಿನವೇ ಪೀಠವೇರುವ ಉತ್ತರಾಧಿಕಾರಿ. ನಮ್ಮ ಉಪರಾಷ್ಟ್ರಪತಿ ಹೊಸ ಸ್ವಾಮಿಗಳು ಬರುವವರೆಗೆ ಬೀಗದ ಕೈ ಹಿಡಿದಿರುವ ಉಸ್ತುವಾರಿ. ಆದರೆ ಒಂದು ಮಾತು. ಉಸ್ತುವಾರಿಯೆಂದರೆ ಅಧಿಕಾರ ಕಡಿಮೆ ಎಂದಲ್ಲ. 65ನೇ ವಿಧಿಯೇ ಆತನಿಗೆ ರಾಷ್ಟ್ರಪತಿಯ ಎಲ್ಲ ಅಧಿಕಾರ, ವಿನಾಯಿತಿ, ಭತ್ಯೆಗಳನ್ನೂ ಕೊಟ್ಟಿದೆ. ಕಡಿಮೆ ಇರುವುದು ಕಾಲ, ಮತ್ತು ಆರಿಸಿ ಬಂದವನಿಗಿರುವ ನೈತಿಕ ಬಲ.

ಟ್ರೂಮನ್ ಕಥೆ ಇಲ್ಲಿ ಎಲ್ಲರಿಗಿಂತ ದೊಡ್ಡದು. ಮಿಸೌರಿಯ ಇಂಡಿಪೆಂಡೆನ್ಸ್ ಊರಿನ ಈ ಮನುಷ್ಯ ಕಾಲೇಜಿನ ಪದವಿ ಪಡೆದವರಲ್ಲ. ಮೊದಲ ಮಹಾಯುದ್ಧದಿಂದ ಮರಳಿ ಕಾನ್ಸಾಸ್ ಸಿಟಿಯಲ್ಲಿ ಗಂಡಸರ ಉಡುಪಿನ ಅಂಗಡಿ ತೆರೆದು ದಿವಾಳಿಯಂಚಿಗೆ ಬಂದವರು. ಊರ ರಾಜಕಾರಣವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಪೆಂಡರ್‌ಗಾಸ್ಟ್ ಬಣದ ನೆರವಿನಿಂದ ಮೇಲೆ ಬಂದು 1934ರಲ್ಲಿ ಸೆನೆಟ್ ಸೇರಿದರು. 1944ರಲ್ಲಿ ರೂಸ್‌ವೆಲ್ಟ್ ನಾಲ್ಕನೆಯ ಬಾರಿಗೆ ನಿಂತಾಗ ಉಪಾಧ್ಯಕ್ಷರಾಗಿದ್ದ ಹೆನ್ರಿ ವ್ಯಾಲೇಸ್ ಪಕ್ಷದ ಹಿರಿತಲೆಗಳಿಗೆ ಬೇಡವಾಗಿದ್ದರು. ಎಲ್ಲ ಬಣಗಳಿಗೂ ಸಹ್ಯವಾಗುವ ಹೆಸರಿನ ಹುಡುಕಾಟ ಟ್ರೂಮನ್‌ರ ಬಳಿ ಬಂದು ನಿಂತಿತು. ರೂಸ್‌ವೆಲ್ಟ್ ಆರೋಗ್ಯ ಕೆಟ್ಟಿರುವುದು ಹತ್ತಿರದವರಿಗೆ ಗೊತ್ತಿತ್ತು. ಆರಿಸುತ್ತಿರುವುದು ಉಪಾಧ್ಯಕ್ಷರನ್ನಲ್ಲ ಎಂಬ ಅರಿವೂ ಅವರಲ್ಲಿ ಕೆಲವರಿಗಿತ್ತು.

ಆಯ್ಕೆಯಾದ ಮೇಲೂ ಟ್ರೂಮನ್‌ರನ್ನು ಯಾರೂ ಹತ್ತಿರ ಕರೆದುಕೊಳ್ಳಲಿಲ್ಲ. 82 ದಿನ ಉಪಾಧ್ಯಕ್ಷರಾಗಿದ್ದ ಅವರಿಗೆ ಅಣುಬಾಂಬಿನ ಯೋಜನೆಯ ವಿವರ ಗೊತ್ತಿರಲಿಲ್ಲ. 1945ರ ಏಪ್ರಿಲ್ 12ರಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ರೂಸ್‌ವೆಲ್ಟ್ ತೀರಿಕೊಂಡರು. ಸಂಜೆ ಏಳರ ಸುಮಾರಿಗೆ ಟ್ರೂಮನ್ ಪ್ರಮಾಣ ಸ್ವೀಕರಿಸಿದರು. ಯುದ್ಧಮಂತ್ರಿ ಸ್ಟಿಮ್ಸನ್ ಬಾಂಬಿನ ಪೂರ್ತಿ ಸಂಗತಿಯನ್ನು ಅವರ ಮುಂದಿಟ್ಟದ್ದು ಏಪ್ರಿಲ್ 25ರಂದು. ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಹಿರೋಶಿಮಾ, ನಾಗಾಸಾಕಿಗಳ ಮೇಲೆ ಬಾಂಬು ಬಿದ್ದಾಗಿತ್ತು. ಕೈಯಲ್ಲಿ ಬೀಗದ ಕೈ ಇಟ್ಟು ಹೋದವರು ಒಳಗೆ ಏನಿದೆ ಎಂದು ಹೇಳಿ ಹೋಗಿರಲಿಲ್ಲ. ಅಮೆರಿಕದ ಪದ್ಧತಿಯ ಶಕ್ತಿ ಮತ್ತು ಅಪಾಯ ಎರಡೂ ಇಲ್ಲಿವೆ. ಅಲ್ಲಿ ಮಧ್ಯಂತರ ಎಂಬುದೇ ಇಲ್ಲ, ಆದ್ದರಿಂದ ಸಿದ್ಧತೆಗೂ ಪುರಸೊತ್ತಿಲ್ಲ.

ಟ್ರೂಮನ್ ಮೂರು ವರ್ಷ ಒಂಬತ್ತು ತಿಂಗಳು ಇನ್ನೊಬ್ಬರ ಅವಧಿಯನ್ನೇ ಆಳಿದರು. ಅಷ್ಟು ದಿನವೂ ಉಪಾಧ್ಯಕ್ಷರ ಜಾಗ ಖಾಲಿ ಇತ್ತು. 1947ರ ಉತ್ತರಾಧಿಕಾರ ಕಾಯ್ದೆ ಮುಂದಿನ ಸಾಲಿಗೆ ಸಂಸತ್ತಿನ ಕೆಳಮನೆಯ ಸ್ಪೀಕರ್‌ರನ್ನು ತಂದಿತು. ಆರಿಸಿ ಬಾರದ ಮಂತ್ರಿಗಿಂತ ಆರಿಸಿ ಬಂದ ಸ್ಪೀಕರ್ ಮೇಲು ಎಂಬುದು ಟ್ರೂಮನ್‌ರದೇ ವಾದ. ತಾನೇ ಆರಿಸಿ ಬಂದಿಲ್ಲ ಎಂಬ ಕೊರಗು ಅವರಿಗೆ ಒಳಗೊಳಗೇ ಇದ್ದಿರಬೇಕು ಎಂದು ನನ್ನ ಊಹೆ. 1948ರಲ್ಲಿ ಸೋಲುತ್ತಾರೆಂದು ಎಲ್ಲರೂ ಬರೆದಿಟ್ಟಿದ್ದರು, ಶಿಕಾಗೋದ ಪತ್ರಿಕೆಯೊಂದು ಎದುರಾಳಿ ಡ್ಯೂಯಿ ಗೆದ್ದರೆಂದು ಅಚ್ಚು ಹಾಕಿಯೇ ಬಿಟ್ಟಿತ್ತು. ಟ್ರೂಮನ್ 303 ಎಲೆಕ್ಟೋರಲ್ ಮತ ಪಡೆದು ಗೆದ್ದರು. ಅಲ್ಲಿಂದ ಮುಂದೆ ಅವರು ರೂಸ್‌ವೆಲ್ಟ್ ಬಿಟ್ಟು ಹೋದ ಜಾಗದಲ್ಲಿ ಕೂತವರಲ್ಲ.

ಐಸೆನ್‌ಹೋವರ್ ಕಾಲದಲ್ಲಿ ಪ್ರಶ್ನೆ ಬೇರೆ ರೂಪ ತಾಳಿತು. 1955ರ ಸೆಪ್ಟೆಂಬರ್ 24ರಂದು ಡೆನ್ವರಿನಲ್ಲಿ ಅವರಿಗೆ ಹೃದಯಾಘಾತವಾಯಿತು. ಅಧ್ಯಕ್ಷರು ಸತ್ತಿಲ್ಲ, ಕೆಲಸವನ್ನೂ ಮಾಡುವಂತಿಲ್ಲ. ಉಪಾಧ್ಯಕ್ಷ ನಿಕ್ಸನ್ ಸಚಿವ ಸಂಪುಟದ ಸಭೆಗಳನ್ನು ನಡೆಸಿದರು, ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಕೂಡದೆ ತಮ್ಮ ಕುರ್ಚಿಯಲ್ಲೇ ಕೂತು. ಮಹತ್ವಾಕಾಂಕ್ಷೆಗೆ ಹೆಸರಾದ ಮನುಷ್ಯ ಆಗ ತೋರಿದ ಸಂಯಮ ಕಡಿಮೆಯದಲ್ಲ. ಕೊನೆಗೆ 1958ರಲ್ಲಿ ಐಸೆನ್‌ಹೋವರ್, ತಾನು ಅಶಕ್ತನಾದರೆ ಏನು ಮಾಡಬೇಕೆಂದು ನಿಕ್ಸನ್‌ರ ಜೊತೆ ಬರಹದ ಒಪ್ಪಂದ ಮಾಡಿಕೊಂಡರು. ಜಗತ್ತಿನ ಬಲಾಢ್ಯ ದೇಶದ ಆಡಳಿತ ಇಬ್ಬರ ನಡುವಿನ ಒಂದು ಕಾಗದದ ಮೇಲೆ ನಿಂತಿತ್ತು ಎಂದರೆ ಈಗ ನಂಬುವುದು ಕಷ್ಟ.

ಜಾನ್ಸನ್ ಬಂದದ್ದು ಗುಂಡಿನ ಸದ್ದಿನ ಹಿಂದೆ. ಟೆಕ್ಸಾಸಿನ ಬಡ ಗುಡ್ಡಗಾಡಿನಿಂದ ಬಂದು, ಕೊಟುಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆ ಪಾಠ ಹೇಳಿ, ಸೆನೆಟ್ಟಿನ ಬಹುಮತದ ನಾಯಕರಾಗಿ ಬೆಳೆದವರು ಅವರು. 1960ರಲ್ಲಿ ದಕ್ಷಿಣದ ಮತ ಹೊಂದಿಸಲಿಕ್ಕೆ ಕೆನೆಡಿ ಅವರನ್ನು ಜೊತೆಗೆ ಕರೆದುಕೊಂಡರು. ಉಪಾಧ್ಯಕ್ಷರಾದ ಮೇಲೆ ಕೈಗೆ ಕೆಲಸವಿಲ್ಲದೆ ಕುದಿಯುತ್ತಿದ್ದರು. 1963ರ ನವೆಂಬರ್ 22ರಂದು ಡಲ್ಲಾಸಿನಲ್ಲಿ ಕೆನೆಡಿ ಹತ್ಯೆಯಾಯಿತು. ವಿಮಾನದಲ್ಲೇ ಜಾನ್ಸನ್ ಪ್ರಮಾಣ ಸ್ವೀಕರಿಸಿದರು. ಎಂಟು ತಿಂಗಳೊಳಗೆ, 1964ರ ಜುಲೈ 2ರಂದು, ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಸತ್ತವರ ಮೇಲಿನ ಜನರ ಮರುಕವನ್ನು ಸಂಸತ್ತಿನ ಮತಗಳನ್ನಾಗಿ ಪರಿವರ್ತಿಸಿದ ಕೌಶಲ ಅವರದು. ಅದೇ ವರ್ಷದ ನವೆಂಬರಿನ ಚುನಾವಣೆಯಲ್ಲಿ ಎದುರಾಳಿ ಗೋಲ್ಡ್‌ವಾಟರ್‌ರನ್ನು 486–52 ಎಲೆಕ್ಟೋರಲ್ ಮತಗಳಿಂದ ಸೋಲಿಸಿದರು.

ಆ ಜಾನ್ಸನ್ ನಮ್ಮ ಅಡುಗೆಮನೆಯವರೆಗೂ ಬಂದದ್ದನ್ನು ಇಲ್ಲಿ ಹೇಳಬೇಕು. 1965–67ರ ಬರಗಾಲದ ದಿನಗಳಲ್ಲಿ ಪಿ.ಎಲ್. 480 ಎಂಬ ಅಮೆರಿಕದ ಆಹಾರ ನೆರವು ಯೋಜನೆಯ ಗೋಧಿಯನ್ನು ಅವರು ವರ್ಷದ ಒಪ್ಪಂದದ ಮೇಲೆ ಕೊಡದೆ, ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಬಿಡುತ್ತ, ಭಾರತದ ಕೃಷಿ ನೀತಿಯನ್ನೂ ವಿಯೆಟ್ನಾಂ ಬಗೆಗಿನ ದೆಹಲಿಯ ಮಾತನ್ನೂ ಗಮನಿಸುತ್ತ ಕೂತಿದ್ದರು. ಅರವತ್ತರ ದಶಕದ ಉತ್ತರಾರ್ಧದಲ್ಲಿ ಮೈಸೂರು ರಾಜ್ಯದ ಆಹಾರ ಖಾತೆ ಜತ್ತಿಯವರ ಕೈಗೆ ಬಂತು. ಒಂದು ಕಡೆ ಉಪಾಧ್ಯಕ್ಷತೆಯಿಂದ ಅಧ್ಯಕ್ಷತೆಗೆ ಜಿಗಿದವರು ಹಡಗಿನ ಹಗ್ಗ ಹಿಡಿದಿದ್ದರು, ಮತ್ತೊಂದು ಕಡೆ ಮುಂದೆ ಉಪರಾಷ್ಟ್ರಪತಿಯಾಗಲಿದ್ದವರು ರೇಷನ್ ಅಂಗಡಿಗೆ ಕಾಳು ಹೊಂದಿಸುವ ಇಲಾಖೆ ನೋಡುತ್ತಿದ್ದರು.

ಕೆನೆಡಿಯ ಸಾವಿನ ನಂತರ ಹದಿನಾಲ್ಕು ತಿಂಗಳು ಜಾನ್ಸನ್‌ರ ಹಿಂದೆ ಉಪಾಧ್ಯಕ್ಷರೇ ಇರಲಿಲ್ಲ. ಸಾಲಿನಲ್ಲಿ ಮುಂದಿದ್ದವರು ಎಪ್ಪತ್ತು ದಾಟಿದ ಸ್ಪೀಕರ್ ಮೆಕಾರ್ಮಾಕ್. ಸೆನೆಟರ್ ಬರ್ಚ್ ಬೈ ಮುಂದಾಳುತನದಲ್ಲಿ ಬಂದ 25ನೇ ತಿದ್ದುಪಡಿ 1967ರ ಫೆಬ್ರುವರಿ 10ರಂದು ಅನುಮೋದನೆ ಪಡೆಯಿತು. ಟೈಲರ್ ಹಟದಿಂದ ಗಳಿಸಿದ್ದು 126 ವರ್ಷಗಳ ನಂತರ ಬರಹದ ಕಾನೂನಾಯಿತು: ಅಧ್ಯಕ್ಷರು ಸತ್ತರೆ ಉಪಾಧ್ಯಕ್ಷರು ಅಧ್ಯಕ್ಷರೇ ಆಗುತ್ತಾರೆ. ಉಪಾಧ್ಯಕ್ಷರ ಜಾಗ ಖಾಲಿಯಾದರೆ ಸಂಸತ್ತಿನ ಒಪ್ಪಿಗೆಯಿಂದ ತುಂಬಬಹುದು. ಅಧ್ಯಕ್ಷರು ಅಶಕ್ತರಾದಾಗ ಏನು ಮಾಡಬೇಕೆಂಬುದಕ್ಕೂ ದಾರಿ ಸಿಕ್ಕಿತು. ಇದೇ ತಿದ್ದುಪಡಿಯ ಬಲದಿಂದ ಜೆರಾಲ್ಡ್ ಫೋರ್ಡ್ ಇಡೀ ದೇಶದ ಒಂದು ಮತವನ್ನೂ ಕೇಳದೆ 1973ರ ಡಿಸೆಂಬರಿನಲ್ಲಿ ಉಪಾಧ್ಯಕ್ಷರಾದರು, ನಿಕ್ಸನ್ ರಾಜೀನಾಮೆ ಕೊಟ್ಟ 1974ರ ಆಗಸ್ಟ್ 9ರಂದು ಅಧ್ಯಕ್ಷರೂ ಆದರು. ಪ್ರಜಾಪ್ರಭುತ್ವದಲ್ಲಿ ಇದು ಸರಿಯೇ ಎಂದು ಕೇಳಿದರೆ ನನ್ನ ಉತ್ತರ: ಕಾನೂನಿನ ಪ್ರಕಾರ ಸರಿ, ಮನಸ್ಸಿಗೆ ಕಸಿವಿಸಿ.

ಅದೇ ಆಗಸ್ಟಿನ 27ರಂದು ದೆಹಲಿಯಲ್ಲಿ ಉಪರಾಷ್ಟ್ರಪತಿ ಚುನಾವಣೆ ನಡೆಯಿತು. ಬಿ.ಡಿ. ಜತ್ತಿ 521 ಮತ ಪಡೆದರು, ಎದುರಾಳಿ ಎನ್.ಇ. ಹೋರೊ 141.

ಆದರೆ ಅದಕ್ಕೆ ಮೊದಲು ಇನ್ನೊಂದು ಹಂಗಾಮಿ ಪ್ರಸಂಗ ನಡೆದಿತ್ತು, ಅದರಲ್ಲೂ ಕನ್ನಡಿಗರ ಕೈ ಇತ್ತು. 1969ರ ಮೇ 3ರಂದು ರಾಷ್ಟ್ರಪತಿ ಜಾಕೀರ್ ಹುಸೇನ್ ತೀರಿಕೊಂಡರು. ಭಾರತದ ರಾಷ್ಟ್ರಪತಿಯೊಬ್ಬರು ಅಧಿಕಾರದಲ್ಲಿರುವಾಗ ಸತ್ತದ್ದು ಅದೇ ಮೊದಲು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾದರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪ. ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ ಸೇರಿದಾಗ ಪಕ್ಷದ ಹಿರಿಯರು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿಸಿದರು, ಇಂದಿರಾ ಗಾಂಧಿಯವರಿಗೆ ಅದು ರುಚಿಸಲಿಲ್ಲ. ಗಿರಿ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಸಹಿ ಹಾಕಿ, ಮರುದಿನ ರಾಜೀನಾಮೆ ಕೊಟ್ಟು ತಾವೇ ಚುನಾವಣೆಗೆ ನಿಂತರು. ಹಂಗಾಮಿ ಎಂದರೆ ಬರೀ ಕುರ್ಚಿ ಕಾಯುವುದು ಎಂದುಕೊಂಡವರಿಗೆ ಈ ಒಂದು ಸಹಿ ಸಾಕು. ಸ್ವತಂತ್ರ ಭಾರತದ ಆರ್ಥಿಕ ಇತಿಹಾಸದ ದೊಡ್ಡ ತಿರುವೊಂದು ಆರಿಸಿ ಬಾರದ ರಾಷ್ಟ್ರಪತಿಯ ಲೇಖನಿಯಿಂದ ಆಯಿತು. ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ ಗಿರಿ ಗೆದ್ದರು, ಕಾಂಗ್ರೆಸ್ ಒಡೆಯಿತು.

ಗಿರಿ ಬಿಟ್ಟ ಜಾಗಕ್ಕೆ ಆಗಷ್ಟೇ ಮಾಡಿದ್ದ 1969ರ ಹೊಸ ಕಾಯ್ದೆಯ ಪ್ರಕಾರ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಬಂದರು. ಅವರು ಆ ಕುರ್ಚಿಯಲ್ಲಿದ್ದ ಐದು ವಾರಗಳ ನಡುವೆಯೇ ಅಮೆರಿಕದ ಅಧ್ಯಕ್ಷ ನಿಕ್ಸನ್ ದೆಹಲಿಗೆ ಭೇಟಿ ಕೊಟ್ಟರು. ಎಂಟು ವರ್ಷ ಎರಡನೆಯ ಕುರ್ಚಿಯಲ್ಲಿ ಕಾದು ಬಂದ ಅತಿಥಿ, ಐದು ವಾರದ ರಾಷ್ಟ್ರಪತಿ ಆತಿಥೇಯ!

ಇನ್ನು ಜತ್ತಿಯವರು. ಕೊಲ್ಹಾಪುರದಲ್ಲಿ ಓದಿ, ಜಮಖಂಡಿಯಲ್ಲಿ ವಕೀಲಿ ಮಾಡಿ, 1940ರಲ್ಲಿ ಜಮಖಂಡಿ ಪುರಸಭೆಯಿಂದ ಸಾರ್ವಜನಿಕ ಜೀವನ ಶುರು ಮಾಡಿದರು, ಐದು ವರ್ಷಕ್ಕೆ ಅದರ ಅಧ್ಯಕ್ಷರಾದರು. ಪಟವರ್ಧನರ ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿಯಾಗಿ, ಕೊನೆಗೆ ಮುಖ್ಯಮಂತ್ರಿಯೂ ಆದರು. ಲಕ್ಷಕ್ಕೆ ತುಸು ಮೇಲ್ಪಟ್ಟು ಜನರಿದ್ದ ಸಂಸ್ಥಾನ ಅದು. 1948ರ ಮಾರ್ಚ್ 8ರಂದು ಅದು ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದಾಗ ಮುಖ್ಯಮಂತ್ರಿ ಮತ್ತೆ ಕರಿಕೋಟು ಹಾಕಿಕೊಂಡು ಕೋರ್ಟಿಗೆ ನಡೆದರು. ಆಮೇಲೆ ಮುಂಬೈ ವಿಧಾನಸಭೆ, ಮುಖ್ಯಮಂತ್ರಿ ಬಿ.ಜಿ. ಖೇರರ ಸಂಸದೀಯ ಕಾರ್ಯದರ್ಶಿ, 1952ರಿಂದ ಮೊರಾರ್ಜಿ ದೇಸಾಯಿ ಸಂಪುಟದಲ್ಲಿ ಉಪಮಂತ್ರಿ. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು.

ರಾಜ್ಯ ಪುನರ್ವಿಂಗಡಣೆಯ ನಂತರ ಮೈಸೂರಿನಲ್ಲಿ ಭೂಸುಧಾರಣೆಗೆ ವರದಿ ಕೊಟ್ಟ ಸಮಿತಿ ಅವರ ಹೆಸರಿನಿಂದಲೇ ಪ್ರಸಿದ್ಧ. 1958ರ ಮೇ 16ರಿಂದ 1962ರ ಮಾರ್ಚ್‌ವರೆಗೆ ಮುಖ್ಯಮಂತ್ರಿ. 1961ರ ಭೂಸುಧಾರಣಾ ಕಾಯ್ದೆ ಅವರ ಕಾಲದ್ದು. ಅವರ ನಂತರ ಬಂದವರು ಕೆರೂರಿನ ಎಸ್.ಆರ್. ಕಂಠಿ, ಅವರೂ ಈಗಿನ ಬಾಗಲಕೋಟೆ ಜಿಲ್ಲೆಯವರೇ. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪ ಸೋತಿದ್ದರು, ಶಾಸಕಾಂಗ ಪಕ್ಷಕ್ಕೆ ಮಾತ್ರ ಅವರೇ ಬೇಕಾಗಿತ್ತು. ಬಾಗಲಕೋಟೆಯ ಸ್ಥಾನ ತೆರವಾಗಿ ಅವರು ಅಲ್ಲಿಂದ ಅವಿರೋಧವಾಗಿ ಆರಿಸಿ ಬರುವವರೆಗೆ ಕಂಠಿ ನೂರು ದಿನಕ್ಕೂ ಕಡಿಮೆ ಮುಖ್ಯಮಂತ್ರಿಯಾಗಿದ್ದು, ಜೂನಿನಲ್ಲಿ ಕುರ್ಚಿ ಒಪ್ಪಿಸಿ ಹೊರಬಂದರು. ಕಾನೂನಿನಲ್ಲಿ ಪೂರ್ತಿ ಮುಖ್ಯಮಂತ್ರಿ, ರಾಜಕಾರಣದಲ್ಲಿ ಹಂಗಾಮಿ. ಕಂಠಿಯವರು ಕೊಟ್ಟ ಮಾತಿಗೆ ತಪ್ಪದ ರೀತಿಯನ್ನು ನಮ್ಮ ಕಡೆಯ ಹಿರಿಯರು ಇವತ್ತೂ ಹೊಗಳುತ್ತಾರೆ. ಇಂದಿನ ರೆಸಾರ್ಟ್ ರಾಜಕಾರಣದ ಕಣ್ಣಿಗೆ ಅದು ಪುರಾಣದ ಕಥೆಯಂತೆ ಕಂಡೀತು.

ಜತ್ತಿ ಮುಂದೆ ನಿಜಲಿಂಗಪ್ಪ ಸಂಪುಟದಲ್ಲಿ ಹಣಕಾಸು ಮಂತ್ರಿ, 1968ರಿಂದ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, 1972ರಿಂದ ಒಡಿಶಾ ರಾಜ್ಯಪಾಲ. ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪ ಒಂದು ದಡದಲ್ಲಿ ಉಳಿದರು, ಜತ್ತಿ ರಾಜಭವನದಲ್ಲಿದ್ದುಕೊಂಡೇ ಇಂದಿರಾ ಗಾಂಧಿಯವರ ವಿಶ್ವಾಸ ಉಳಿಸಿಕೊಂಡರು. 1974ರಲ್ಲಿ ಅಸ್ಸಾಮಿನ ಫಕ್ರುದ್ದೀನ್ ಅಲಿ ಅಹಮದ್ ರಾಷ್ಟ್ರಪತಿಯಾದಾಗ ಜೊತೆಗೆ ದಕ್ಷಿಣದವರೊಬ್ಬರು, ಗದ್ದಲ ಮಾಡದ, ಆಡಳಿತ ಬಲ್ಲ ಹಿರಿಯರು ಬೇಕಿತ್ತು. 1944ರಲ್ಲಿ ಟ್ರೂಮನ್, 1952ರಲ್ಲಿ ನಿಕ್ಸನ್, 1960ರಲ್ಲಿ ಜಾನ್ಸನ್ ಆಯ್ಕೆಯಾದ ಲೆಕ್ಕಾಚಾರವೂ ಇದೇ ಜಾತಿಯದು. ಎರಡನೆಯ ಕುರ್ಚಿಗೆ ಎಲ್ಲ ಕಡೆಯೂ ಆರಿಸುವಾಗ ನೋಡುವುದು ದಿಕ್ಕನ್ನು, ಬಣವನ್ನು. ಆ ಮನುಷ್ಯ ಮೊದಲ ಕುರ್ಚಿಯಲ್ಲಿ ಕೂಡಬೇಕಾಗಿ ಬಂದರೆ ಹೇಗೆ ಎಂಬ ಯೋಚನೆ ಕೊನೆಗೆ ಬರುತ್ತದೆ.

1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು, ಲೋಕಸಭೆ ವಿಸರ್ಜನೆಯಾಗಿತ್ತು, ಮಾರ್ಚಿನಲ್ಲಿ ಚುನಾವಣೆ. ಇಂಥ ಹೊತ್ತಿನಲ್ಲಿ ಸಾವಳಗಿಯ ಜತ್ತಿ ರಾಷ್ಟ್ರಪತಿ ಭವನಕ್ಕೆ ಬಂದರು. ಟೈಲರ್ ಒಪ್ಪದ ಬಿರುದನ್ನು ನಮ್ಮ ಸಂವಿಧಾನ ಕಡ್ಡಾಯ ಮಾಡಿತ್ತು, ಅವರ ಸಹಿಯ ಕೆಳಗೆ ಇರುತ್ತಿದ್ದದ್ದು ‘ರಾಷ್ಟ್ರಪತಿಯಾಗಿ ಕಾರ್ಯ ನಿರ್ವಹಿಸುತ್ತಿರುವ ಉಪರಾಷ್ಟ್ರಪತಿ’ ಎಂದು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ಫಕ್ರುದ್ದೀನ್ ಸಹಿ ಹಾಕಿದ್ದು ಎಲ್ಲರಿಗೂ ಗೊತ್ತು. 1977ರ ಮಾರ್ಚ್ 21ರಂದು ಅದನ್ನು ಹಿಂದೆಗೆದುಕೊಂಡ ಆದೇಶದ ಮೇಲಿನ ಸಹಿ ಜತ್ತಿಯವರದು ಎಂಬುದನ್ನು ಎಷ್ಟು ಜನ ಬಲ್ಲರು? ಆ ಸಲಹೆ ಕೊಟ್ಟದ್ದು ಸೋತ ಇಂದಿರಾ ಸಂಪುಟವೇ ಹೌದು, ಆದರೂ ಕಾಗದದ ಮೇಲೆ ಉಳಿದ ಹೆಸರು ಜಮಖಂಡಿ ತಾಲೂಕಿನದು. ಮಾರ್ಚ್ 24ರಂದು ಅವರು ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಿಯ ಪ್ರಮಾಣವಚನ ಬೋಧಿಸಿದರು. ಇಪ್ಪತ್ತೈದು ವರ್ಷದ ಹಿಂದೆ ತಮ್ಮನ್ನು ಉಪಮಂತ್ರಿಯಾಗಿ ತೆಗೆದುಕೊಂಡಿದ್ದ ಮುಖ್ಯಮಂತ್ರಿಗೆ!

ಘರ್ಷಣೆ ಬಂದದ್ದು ಏಪ್ರಿಲಿನಲ್ಲಿ. ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿ ಹೋಗಿತ್ತು, ಆದರೆ ಅಲ್ಲಿನ ವಿಧಾನಸಭೆಗಳಲ್ಲಿ ಕಾಂಗ್ರೆಸ್ಸಿನದೇ ಬಹುಮತ. ಹೊಸ ಜನತಾ ಸರ್ಕಾರದ ಗೃಹಮಂತ್ರಿ ಚರಣ್ ಸಿಂಗ್ ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ, ವಿಧಾನಸಭೆ ವಿಸರ್ಜಿಸುವಂತೆ ನಿಮ್ಮ ರಾಜ್ಯಪಾಲರಿಗೆ ನೀವೇ ಸಲಹೆ ಕೊಡಿ ಎಂದು ಪತ್ರ ಬರೆದರು. ಜನಾದೇಶ ಕಳೆದುಕೊಂಡವರು ಆಳಬಾರದು ಎಂಬುದು ಹೊರಗಿನ ಕಾರಣ. ಒಳಗೆ ಇನ್ನೊಂದಿತ್ತು: ರಾಷ್ಟ್ರಪತಿ ಚುನಾವಣೆ ಆಗಸ್ಟ್ 11ರೊಳಗೆ ಮುಗಿಯಬೇಕು, ಅದರಲ್ಲಿ ಮತ ಹಾಕುವವರು ಸಂಸದರ ಜೊತೆ ಶಾಸಕರು. ಹಳೆಯ ವಿಧಾನಸಭೆಗಳು ಉಳಿದರೆ ಜನತಾ ಪಕ್ಷದ ರಾಷ್ಟ್ರಪತಿಯ ಆಯ್ಕೆ ಕಷ್ಟ. ಅಂದರೆ ಹಂಗಾಮಿ ರಾಷ್ಟ್ರಪತಿಯ ಮುಂದೆ ಬಂದ ಕಡತ, ಅವರ ಜಾಗಕ್ಕೆ ಯಾರು ಬರಬೇಕೆಂಬುದನ್ನು ತೀರ್ಮಾನಿಸುವ ಕಡತವೂ ಆಗಿತ್ತು. ಟ್ರೂಮನ್‌ಗಾಗಲಿ ಜಾನ್ಸನ್‌ಗಾಗಲಿ ಇಂಥ ಇಕ್ಕಟ್ಟು ಎದುರಾಗಲಿಲ್ಲ, ಏಕೆಂದರೆ ಅವರ ಬೆನ್ನ ಹಿಂದೆ ಆರು ತಿಂಗಳ ಗಡಿಯಾರ ಓಡುತ್ತಿರಲಿಲ್ಲ.

ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರಂದು ಅವುಗಳ ದಾವೆಯನ್ನು ವಜಾ ಮಾಡಿತು. ಸಂಪುಟದ ಸಲಹೆ ಜತ್ತಿಯವರ ಮೇಜಿಗೆ ಬಂತು. ಸಹಿ ತಕ್ಷಣ ಬೀಳಲಿಲ್ಲ. ಯೋಚಿಸಲು ಸಮಯ ಬೇಕೆಂಬ ಧಾಟಿ ಅವರದಾಗಿತ್ತು. ಜನತಾ ಪಕ್ಷದವರು ಕೆರಳಿದರು, ಕಾಂಗ್ರೆಸ್ಸಿನವರು ಆಸೆ ಇಟ್ಟುಕೊಂಡರು, ಸರ್ಕಾರ ಸಂವಿಧಾನವನ್ನು ನೆನಪಿಸಿತು. ಏಪ್ರಿಲ್ 30ರಂದು ಸಹಿ ಬಿತ್ತು.

ಈ ವಿಳಂಬವನ್ನು ಇಂದಿರಾ ನಿಷ್ಠೆ ಎಂದು ಒಂದೇ ಮಾತಿನಲ್ಲಿ ಮುಗಿಸಿದವರಿದ್ದಾರೆ. ಜತ್ತಿಯವರ ರಾಜಕೀಯ ಒಲವು ಯಾವ ಕಡೆ ಇತ್ತೆಂಬುದರಲ್ಲಿ ಗುಟ್ಟೇನೂ ಇಲ್ಲ, ಆ ಟೀಕೆಯನ್ನು ಅಲ್ಲಗಳೆಯುವ ಹಟ ನನಗಿಲ್ಲ. ಕಾನೂನಿನಲ್ಲೂ ಅವರಿಗೆ ಜಾಗವಿರಲಿಲ್ಲ. ಸಂಪುಟದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕು ಎಂದು 74ನೇ ವಿಧಿಗೆ ಖಚಿತವಾಗಿ ಸೇರಿಸಿದ್ದು 42ನೇ ತಿದ್ದುಪಡಿ. ಅದು ಬಂದದ್ದು ಇಂದಿರಾ ಕಾಲದಲ್ಲೇ, ಜಾರಿಯಾದದ್ದು 1977ರ ಜನವರಿಯಲ್ಲಿ. 1976ರ ನವೆಂಬರಿನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟ ರಾಜ್ಯಸಭೆಗೆ ಸಭಾಪತಿಯಾಗಿದ್ದವರು ಜತ್ತಿ. ತಮ್ಮ ಸದನದಿಂದ ಹೊರಟ ಕಟ್ಟಳೆಯೇ ಐದಾರು ತಿಂಗಳಲ್ಲಿ ತಮ್ಮ ಕೈ ಕಟ್ಟಿತು. ಆದರೂ ಪ್ರಶ್ನೆ ಉಳಿಯುತ್ತದೆ. ಒಂಬತ್ತು ರಾಜ್ಯಗಳ ಆರಿಸಿ ಬಂದ ಸರ್ಕಾರಗಳನ್ನು ಒಂದೇ ಏಟಿಗೆ ಕೆಡವುವ ಕಡತದ ಮುಂದೆ ದೇಶದ ಪ್ರಥಮ ಪ್ರಜೆ ಒಂದು ದಿನ ಕೂತು ಯೋಚಿಸುವುದು ಅಪರಾಧವೇ? ಮನುಷ್ಯನ ಉದ್ದೇಶ ಏನೇ ಇರಲಿ, ಆ ಯೋಚನೆಗೆ ಜಾಗವಿಲ್ಲದ ಕಾನೂನು ಕೆಟ್ಟ ಕಾನೂನು ಎಂದು ನನಗನಿಸುತ್ತದೆ. ಮೂರು ವರ್ಷದೊಳಗೆ, 1980ರಲ್ಲಿ, ಇಂದಿರಾ ಗಾಂಧಿ ಮರಳಿ ಬಂದು ಇದೇ ಅಸ್ತ್ರವನ್ನು ತಿರುಗಿಸಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿದರು. ಆಗ ಜನತಾದವರಿಗೆ ಅದು ಪ್ರಜಾಪ್ರಭುತ್ವದ ಕೊಲೆಯಾಗಿ ಕಂಡಿತು.

ಜುಲೈಯಲ್ಲಿ ಸಂಜೀವ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. 1969ರಲ್ಲಿ ನಿಜಲಿಂಗಪ್ಪನವರ ಅಭ್ಯರ್ಥಿಯಾಗಿ ಸೋತವರೇ ಅವರು. ಜತ್ತಿ ಜುಲೈ 25ರಂದು ಕುರ್ಚಿ ಬಿಟ್ಟು ಮತ್ತೆ ರಾಜ್ಯಸಭೆಯ ಪೀಠಕ್ಕೆ ಹೋದರು. ಟ್ರೂಮನ್, ಜಾನ್ಸನ್‌ರಿಗೆ ಸಿಕ್ಕಂತೆ ತಮ್ಮ ಹೆಸರಿನ ಮೇಲೆ ಜನಾದೇಶ ಕೇಳುವ ಅವಕಾಶ ಅವರಿಗೆ ಬರಲಿಲ್ಲ. 1979ರ ಆಗಸ್ಟಿನಲ್ಲಿ ಅವಧಿ ಮುಗಿದಾಗ ಅವರ ಜಾಗಕ್ಕೆ ಉಪರಾಷ್ಟ್ರಪತಿಯಾಗಿ ಬಂದವರು, ಹತ್ತು ವರ್ಷದ ಹಿಂದೆ ನಿಕ್ಸನ್‌ರನ್ನು ಬರಮಾಡಿಕೊಂಡಿದ್ದ ಅದೇ ಹಿದಾಯತುಲ್ಲಾ. ಜತ್ತಿ ತಾವು ಅಧ್ಯಕ್ಷರಾಗಿದ್ದ ಬಸವ ಸಮಿತಿಯ ಕೆಲಸಕ್ಕೆ ಮರಳಿದರು. 2002ರ ಜೂನ್ 7ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಅವರು ಉಪರಾಷ್ಟ್ರಪತಿಯಾಗಿದ್ದಾಗಲೇ ಕಾನೂನು ಸ್ವಲ್ಪ ಸಡಿಲವಾಯಿತು. 1978ರ 44ನೇ ತಿದ್ದುಪಡಿ, ಸಂಪುಟದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ವಾಪಸು ಕಳಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ತಂದದ್ದು ಮೊರಾರ್ಜಿಯವರ ಸರ್ಕಾರವೇ. 1994ರಲ್ಲಿ ಇನ್ನೊಬ್ಬ ಕನ್ನಡಿಗ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜ್ಯ ಸರ್ಕಾರಗಳನ್ನು ವಜಾ ಮಾಡುವ ಅಧಿಕಾರಕ್ಕೆ 1977ರ ತೀರ್ಪು ಬಿಟ್ಟಿದ್ದ ಸಡಿಲನ್ನು ಬಿಗಿ ಮಾಡಿತು. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ತೆಗೆದುಹಾಕುವ ಗುಜ್ರಾಲ್ ಸಂಪುಟದ ಸಲಹೆಯನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ವಾಪಸು ಕಳಿಸಿದರು, ಸಂಪುಟ ಅದನ್ನು ಕೈಬಿಟ್ಟಿತು. ನಾರಾಯಣನ್ ಕೂಡ ಉಪರಾಷ್ಟ್ರಪತಿಯ ಕುರ್ಚಿಯಿಂದ ಬಂದವರೇ, ಆದರೆ ಶಾಸಕರೂ ಸಂಸದರೂ ಮತ ಹಾಕಿ ಕಳಿಸಿದವರು, ಕೈಯಲ್ಲಿ ಪೂರ್ತಿ ಐದು ವರ್ಷ ಇದ್ದವರು.